ಉಮ್ಮರಬ್ಬನ ಲಂಡನ್ ವಾರ್ತೆ

ಕುವೈತಿನ ಮಹಬೂಲಾಕ್ಕೆ ಹೋಗಿ ಉಮ್ಮರಬ್ಬನ ಚಾದ ಅಂಗಡಿ ಎಲ್ಲಿ ಎಂದು ಕೇಳಿದರೆ, "ಯಾವುದು, ಲಂಡನ್ ವಾರ್ತೆಯದ್ದಾ?" ಎಂದು ಕೇಳಿಯೇ ಜನ ಕೈ ತೋರಿಸುತ್ತಾರೆ. ಲಾಂಡ್ರಿ ಮತ್ತು ಮೊಬೈಲ್ ರಿಪೇರಿ ಅಂಗಡಿಗಳ ನಡುವೆ ಇಕ್ಕಟ್ಟಾಗಿ ಕೂತ ಜಾಗ ಅದು. ಚಾ, ಹಾಲು ಹಾಕದ ಸುಲೈಮಾನಿ, ಪರೋಟ, ಬೆಳಿಗ್ಗೆ ಮೊಟ್ಟೆ. ಇಷ್ಟಕ್ಕೆ ಯಾರೂ ಹೆಸರುವಾಸಿಯಾಗುವುದಿಲ್ಲ. ಉಮ್ಮರಬ್ಬನನ್ನು ಹೆಸರುವಾಸಿ ಮಾಡಿದ್ದು ಗೋಡೆಯ ಮೇಲಿನ ಟಿವಿ.

ಆ ಟಿವಿ ಬಂದ ಹೊಸದರಲ್ಲಿ ಅಂಗಡಿಯಲ್ಲಿ ದಿನಾ ರಂಪ. ಮಲಯಾಳಿಗಳಿಗೆ ಅವರ ಚಾನೆಲ್ ಬೇಕು, ತೆಲುಗರಿಗೆ ಅವರದ್ದು, ಬಂಗಾಳಿಗಳಿಗೆ ಕ್ರಿಕೆಟ್, ಈಜಿಪ್ತಿನವರಿಗೆ ಫುಟ್‌ಬಾಲ್. ಒಬ್ಬ ಹಾಕಿದ್ದನ್ನು ಇನ್ನೊಬ್ಬ ತಿರುಗಿಸುವುದು, ಮತ್ತೊಬ್ಬ ಚಾ ಅರ್ಧಕ್ಕೇ ಬಿಟ್ಟು ಎದ್ದು ಹೋಗುವುದು. ಒಂದು ದಿನ ಉಮ್ಮರಬ್ಬನಿಗೆ ಪಿತ್ತ ನೆತ್ತಿಗೇರಿತು. ಯಾರಿಗೂ ಬೇಡದ ಒಂದು ಚಾನೆಲ್ ಹುಡುಕಿ ಹಾಕಿ, ರಿಮೋಟನ್ನು ಸಕ್ಕರೆ ಡಬ್ಬದೊಳಗೆ ಹಾಕಿ ಮುಚ್ಚಿಬಿಟ್ಟ. ಅದು ಬ್ರಿಟನ್ನಿನ ಚಾನೆಲ್. ದಿನವಿಡೀ ವಾರ್ತೆ, ನಡುನಡುವೆ ಅಲ್ಲಿಯವರು ಮನೆ ಹುಡುಕುವುದು, ಕೇಕ್ ಮಾಡುವುದು, ಅಟ್ಟದ ಹಳೆ ಸಾಮಾನು ಮಾರುವುದು. ಎಲ್ಲರಿಗೂ ಸಮಾನ ಅನ್ಯಾಯವಾಯಿತು. ಜಗಳ ಖಲಾಸ್.

ಆದರೆ ಬಾಯಿ ಇರುವ ಮನುಷ್ಯ ಎಷ್ಟು ದಿನ ಸುಮ್ಮನೆ ನೋಡಿಯಾನು? "ಉಮ್ಮರಾಕ, ಆ ಮುದುಕ ಯಾಕೆ ಅಳ್ತಾ ಇದ್ದಾನೆ?" ಎಂದು ಸೈದು ಒಂದು ಸಂಜೆ ಕೇಳಿದ. ಸೈದು ಟ್ಯಾಕ್ಸಿಯವನು, ಫರಂಗಿಪೇಟೆಯವನು, ಪ್ರಶ್ನೆ ಕೇಳುವುದೇ ಅವನ ಕಸುಬು. ಎಣ್ಣೆ ಬಾಣಲೆಯ ಚುರ್‌ಗುಟ್ಟುವಿಕೆ ಮತ್ತು ಹೊಗೆ ಎಳೆಯುವ ಫ್ಯಾನಿನ ಗದ್ದಲದಲ್ಲಿ ಟಿವಿಯ ಮಾತು ಯಾರಿಗೂ ಕೇಳಿಸುತ್ತಿರಲಿಲ್ಲ. ಕೇಳಿಸಿದ್ದರೂ ಆ ಓಟದ ಇಂಗ್ಲಿಷ್ ಅಲ್ಲಿ ಕೂತ ಯಾರಿಗೆ ದಕ್ಕುತ್ತಿತ್ತು? "ಅವನ ನಾಯಿ ತಪ್ಪಿಹೋಗಿದೆ ಅಂತೆ," ಎಂದ ಉಮ್ಮರಬ್ಬ, ಪರೋಟ ತಿರುವುತ್ತಾ. ಮರುಕ್ಷಣ ಪರದೆಯ ಮೇಲೆ ಒಂದು ನಾಯಿ ಬಂತು! ಅಂಗಡಿಯೇ ಬೆರಗಾಯಿತು.

ಹಾಳೂರಿಗೆ ಉಳಿದವನೇ ಗೌಡ. ಉಮ್ಮರಬ್ಬ ಅಂಗಡಿ ಇಡುವ ಮೊದಲು ಪಕ್ಕದ ಫಿಂಟಾಸಿನಲ್ಲಿ ಒಬ್ಬ ಇಂಗ್ಲಿಷ್ ಎಂಜಿನಿಯರನ ಮನೆಯಲ್ಲಿ ಅಡುಗೆ ಮಾಡುತ್ತಿದ್ದದ್ದು ಎಲ್ಲರಿಗೂ ಗೊತ್ತಿತ್ತು. ವರ್ಷಗಟ್ಟಲೆ ದೊರೆಯ ಮನೆಯಲ್ಲಿದ್ದವನಿಗೆ ಇಂಗ್ಲಿಷ್ ಬರದೆ ಇರುತ್ತದೆಯೇ? ಬರುತ್ತಿದ್ದದ್ದು "ಎಗ್ ರೆಡಿ ಸರ್", "ಮೇಡಂ ಸ್ಲೀಪಿಂಗ್ ಸರ್", ಅಲ್ಲಿಗೆ ಮುಗಿಯಿತು. ಆದರೆ ಆ ಜನ ನಾಯಿಗೆ ಕಾಲು ತಾಗಿದರೂ ಸಾರಿ ಹೇಳುವವರು, ಬಿಸಿಲು ಬಂದರೆ ಅದನ್ನೇ ಇಡೀ ದಿನ ಮಾತಾಡುವವರು ಎನ್ನುವುದನ್ನು ಅವನು ಕಣ್ಣಾರೆ ಕಂಡಿದ್ದ. ಅಷ್ಟನ್ನೇ ಹಿಟ್ಟು ಮಾಡಿಕೊಂಡು ದಿನಕ್ಕೊಂದು ವಾರ್ತೆ ಲಟ್ಟಿಸತೊಡಗಿದ.

ಏನು ವಾರ್ತೆ ಅಂತೀರಿ! ಪಾದ ಮುಳುಗದ ನೀರಿನಲ್ಲಿ ಮೊಣಕಾಲೆತ್ತರದ ಬೂಟು ಹಾಕಿ ನಿಂತ ವರದಿಗಾರನನ್ನು ತೋರಿಸಿ, "ನೆರೆ ಬಂದಿದೆ ಅಂತೆ ಮಾರಾಯ್ರೆ. ಇವರನ್ನು ಜುಲೈಯಲ್ಲಿ ಒಮ್ಮೆ ನೇತ್ರಾವತಿ ಬದಿಯಲ್ಲಿ ನಿಲ್ಲಿಸಬೇಕು," ಎನ್ನುವನು. ಕೇಕ್ ಕುಸಿಯಿತೆಂದು ಒಬ್ಬಳು ಬಿಕ್ಕಿ ಬಿಕ್ಕಿ ಅತ್ತರೆ, "ಮದುವೆ ಬಿರಿಯಾನಿ ತಳ ಹಿಡಿದಾಗಲೂ ನಮ್ಮ ಅಡುಗೆಯ ಭಂಡಾರಿ ಕಣ್ಣಲ್ಲಿ ನೀರು ಬರಲಿಲ್ಲ," ಎನ್ನುವನು. ಗಂಡ ಹೆಂಡತಿ ಇಬ್ಬರಿಗೆ ಮನೆ ಹುಡುಕುವ ಕಾರ್ಯಕ್ರಮವಂತೂ ಎಲ್ಲರಿಗೂ ಅಚ್ಚುಮೆಚ್ಚು. ಇರುವುದು ಎರಡು ಜೀವ, ನಾಲ್ಕು ಕೋಣೆ ಸಾಲದು. "ಅಡುಗೆಮನೆ ಕಿಟಕಿಯಿಂದ ದನ ಕಾಣುವುದಿಲ್ಲ, ಅದಕ್ಕೆ ಬೇಡ ಅಂತೆ," ಎಂದು ಉಮ್ಮರಬ್ಬ ಹೇಳಿದಾಗ, ಒಂದೇ ಕೋಣೆಯಲ್ಲಿ ಮಂಚದ ಮೇಲೆ ಮಂಚ ಹಾಕಿ ಮಲಗುವ ಗಂಡಸರು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಅಲ್ಲಿ ವಾರದ ರಜೆಯಾದ ಶುಕ್ರವಾರ ಇಗರ್ಜಿಯಿಂದ ಬರುವ ದಾರಿಯಲ್ಲಿ ಜೋಕಿಮ್ ಎಂಬವರು ಬರುತ್ತಿದ್ದರು. ಶಿರ್ವದ ಕಡೆಯವರು, ಶುವೈಖಿನ ಒಂದು ಆಫೀಸಿನಲ್ಲಿ ಲೆಕ್ಕ ಬರೆಯುವವರು. ಟಿವಿಯ ಕೆಳಗಿನ ಮೂಲೆಯಲ್ಲಿ ಕೂತು, ಉಮ್ಮರಬ್ಬನ ವಾರ್ತೆ ಕೇಳಿ, ಮೀಸೆಯೊಳಗೇ ನಕ್ಕು, ಚಾ ಕುಡಿದು ಹೋಗುವರು. ಅವರು ನಕ್ಕಷ್ಟೂ ಉಮ್ಮರಬ್ಬ ಉಬ್ಬುತ್ತಿದ್ದ.

ಇನ್ನು ಶಬೀರ್. ಬೆಳ್ತಂಗಡಿ ಕಡೆಯ ಹುಡುಗ, ಒಂದು ಕ್ಲಿನಿಕ್ಕಿನಲ್ಲಿ ರೋಗಿಗಳನ್ನು ಎತ್ತಿ ಕೂರಿಸುವ, ಮೈ ಒರೆಸುವ ಕೆಲಸ. ಕುವೈತಿಗೆ ಹೆಂಡತಿಯನ್ನು ಕರೆತರಬೇಕಾದರೆ ಇಷ್ಟು ಸಂಬಳ ಇರಲೇಬೇಕೆಂಬ ಕಾನೂನುಂಟಲ್ಲ, ಅವನ ಸಂಬಳ ಅದರ ಹತ್ತಿರಕ್ಕೂ ಸುಳಿಯುತ್ತಿರಲಿಲ್ಲ. ಹೆಂಡತಿ ಆಯಿಶತ್ ಶಮೀಮಾ ಊರಲ್ಲಿ. ಮಗಳು ಸಮೀಹಾ ಹಿಂದಿನ ರಜೆಯಲ್ಲಿ ಅಪ್ಪನನ್ನು ಕಂಡು ಅಡುಗೆಮನೆಗೆ ಓಡಿದವಳು, ಅವನ ರಜೆ ಮುಗಿಯುವ ಹೊತ್ತಿಗೆ ಹೊರಗೆ ಬಂದಳಂತೆ. ಅದನ್ನು ಹೇಳುವಾಗ ಶಬೀರ್ ನಗಲು ನೋಡಿದ್ದ, ಆಗಿರಲಿಲ್ಲ.

ಬ್ರಿಟನ್ನಿನಲ್ಲಿ ಮುದುಕರನ್ನು ನೋಡಿಕೊಳ್ಳಲು ಜನ ಬೇಕೆಂಬ ಸುದ್ದಿ ಎಲ್ಲೆಡೆ ಹಬ್ಬಿದ್ದ ಕಾಲ ಅದು. ಮಂಗಳೂರಿನ ಏಜೆಂಟ್ ಶಬೀರನ ಕಾಗದಗಳನ್ನು ತೆಗೆದುಕೊಂಡಿದ್ದ. ಹೆಂಡತಿ ಮಗಳನ್ನೂ ಕರೆದುಕೊಂಡು ಹೋಗಬಹುದು ಎಂದಿದ್ದ. ಆಮೇಲೆ, "ಅಲ್ಲಿ ಕಾನೂನು ಬದಲಾಗ್ತದೆ ಅಂತಾರೆ, ಸ್ವಲ್ಪ ಕಾಯಿರಿ," ಎಂದು ರಾಗ ಎಳೆದ. ಇತ್ತ ಶಬೀರನ ಇಕಾಮಾ, ಅಂದರೆ ಕುವೈತಿನಲ್ಲಿ ಇರುವ ಪರವಾನಗಿ, ಮುಗಿಯುತ್ತ ಬಂದಿತ್ತು. ಕಂಪೆನಿಯ ಕಾಗದಪತ್ರ ನೋಡುವ ಮಂದೂಬ್, "ಹೊಸ ಒಪ್ಪಂದಕ್ಕೆ ಸಹಿ ಹಾಕ್ತೀಯೋ ಇಲ್ವೋ, ಭಾನುವಾರ ಹೇಳಿಬಿಡು. ಜನ ಕಾಯ್ತಾ ಇದ್ದಾರೆ," ಎಂದು ಗಡುವು ಕೊಟ್ಟ.

ಗುರುವಾರ ಸಂಜೆ ಶಬೀರ್ ಅಂಗಡಿಗೆ ಬಂದಾಗ ಅವನ ಕೈಯಲ್ಲಿ ಫೋನಿತ್ತು. ಶಮೀಮಾ ಏನೋ ಕಳಿಸಿದ್ದಳು.

"ಇನ್ನು ಕುಟುಂಬ ಬಿಡುವುದಿಲ್ಲ ಅಂತ ವಾಟ್ಸಾಪಿನಲ್ಲಿ ಬಂದಿದೆಯಂತೆ ಉಮ್ಮರಾಕ."

"ವಾಟ್ಸಾಪಿನಲ್ಲಿ ಎಂತ ಬರುವುದಿಲ್ಲ? ಕಳೆದ ತಿಂಗಳು ನಮ್ಮನ್ನೆಲ್ಲ ಕುವೈತಿನಿಂದಲೇ ಓಡಿಸಿರಲಿಲ್ವಾ!" ಎಂದ ಸೈದು.

ಅದೇ ಹೊತ್ತಿಗೆ ಟಿವಿಯಲ್ಲಿ ಒಬ್ಬಳು ಹೆಂಗಸು ಗಾಲಿಕುರ್ಚಿಯಲ್ಲಿ ಅಜ್ಜಿಯೊಬ್ಬಳನ್ನು ತಳ್ಳಿಕೊಂಡು ಹೋದಳು. ಬಣ್ಣ ನೋಡಿದರೆ ನಮ್ಮ ಕಡೆಯವಳೇ. ಆಮೇಲೆ ವಿಮಾನ ನಿಲ್ದಾಣ. ಒಬ್ಬ ಗಂಡಸು ಮಗುವನ್ನು ಎತ್ತಿಕೊಂಡ. ಕೊನೆಗೆ ಕೋಟು ಹಾಕಿದ ಮಂತ್ರಿಯೊಬ್ಬ ಮೇಜು ಹಿಡಿದು ನಿಂತು ಮಾತಾಡಿದ. ಅಂಗಡಿಯವರೆಲ್ಲ ಉಮ್ಮರಬ್ಬನ ಕಡೆ ತಿರುಗಿದರು.

"ಎಂತ ಹೇಳ್ತಾ ಇದ್ದಾರೆ ಉಮ್ಮರಾಕ? ಇದು ಅದೇ ಅಲ್ವಾ?"

ಶಬೀರನ ಮುಖ ಹೇಗಿತ್ತೆಂದರೆ, ಅದಕ್ಕೆ ಬೇಡದ ಉತ್ತರ ಕೊಡಲು ಕಟುಕನೇ ಆಗಬೇಕು. ಉಮ್ಮರಬ್ಬ ಚಿತ್ರಗಳನ್ನು ನೋಡಿದ್ದ. ಅಪ್ಪ ಮಗುವನ್ನು ಎತ್ತಿಕೊಂಡದ್ದನ್ನು ನೋಡಿದ್ದ. ಇನ್ನೇನು ಬೇಕು?

"ಹೆಂಡತಿ ಮಕ್ಕಳನ್ನು ಕರ್ಕೊಂಡು ಬನ್ನಿ ಅಂತ ಹೇಳ್ತಾ ಇದ್ದಾರೆ ಮಾರಾಯ," ಎಂದ.

ಅಂಗಡಿ ಕೂಗಿ ಕೇಕೆ ಹಾಕಿತು. ಸೈದು ಎಲ್ಲರಿಗೂ ಚಾ ಹೇಳಿದ. ಶಬೀರ್ ಹೊರಗೆ ನಿಂತು ಊರಿಗೆ ಫೋನ್ ಮಾಡಿದ, ಭಾನುವಾರ ಮಂದೂಬನಿಗೆ ಸಹಿ ಹಾಕುವುದಿಲ್ಲ ಎಂದ. ಅವನ ಜಾಗಕ್ಕೆ ಅದೇ ವಾರ ಬೇರೆಯವನು ಬಂದ.

ಕೆಲವು ವಾರ ಕಳೆದು ಶಬೀರ್ ಬಂದಾಗ ಮುಖ ಬಾಡಿತ್ತು. ಏಜೆಂಟ್ ಕೈ ಚೆಲ್ಲಿದ್ದ. ಹೋಗುವುದಾದರೆ ಒಬ್ಬನೇ, ಹೆಂಡತಿ ಮಗಳಿಗೆ ಇಲ್ಲ.

"ಒಬ್ಬನೇ ಇರುವುದಾದರೆ ಕುವೈತ್ ಎಂತ ತಪ್ಪು ಮಾಡಿತ್ತು ಉಮ್ಮರಾಕ?" ಎಂದ ಶಬೀರ್. "ಈಗ ಇಲ್ಲಿಯ ಕೆಲಸವೂ ಹೋಯ್ತು. ಮಗಳಿಗೆ ಬೇರೆ ವಿಮಾನದ ಆಸೆ ಹಚ್ಚಿಬಿಟ್ಟೆ."

ಸೈದು ಮೇಜು ಗುದ್ದಿದ. "ಆವತ್ತು ಟಿವಿಯಲ್ಲಿ ಬನ್ನಿ ಅಂತ ಕರೆದು, ಈಗ ಇಲ್ಲ ಅಂತಾರೆ! ನಮ್ಮನ್ನು ಆಳಿದವರಲ್ವಾ, ಮಾತು ತಪ್ಪುವುದು ಅವರಿಗೆ ಇವತ್ತು ನಿನ್ನೆಯದ್ದಾ?"

ಅಲ್ಲೊಂದು ಸಂದು ಇತ್ತು. ಅಲ್ಲಿಯೇ ಬಾಯಿ ಬಿಡಬಹುದಿತ್ತು. ಎಲುಬಿಲ್ಲದ ನಾಲಗೆ ಏನು ಹೇಳಿತು ಗೊತ್ತೇ? "ಹೌದು, ಆ ಜನವೇ ಹಾಗೆ," ಎಂದುಬಿಟ್ಟ ಉಮ್ಮರಬ್ಬ.

ಶುಕ್ರವಾರ ಜೋಕಿಮ್ ಬಂದಾಗ ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಉಮ್ಮರಬ್ಬ ಚಾ ಇಟ್ಟವನು ಅಲ್ಲೇ ನಿಂತ. ಶಬೀರನ ಕಥೆಯನ್ನೆಲ್ಲ ಹೇಳಿ, "ಅವರು ಮಾತು ಬದಲಿಸಿದ್ದು ಹೌದಾ?" ಎಂದು ಮೆಲ್ಲಗೆ ಕೇಳಿದ.

ಜೋಕಿಮ್ ಲೋಟ ಕೆಳಗಿಟ್ಟರು. "ಬದಲಿಸಲಿಲ್ಲ ಉಮ್ಮರಬ್ಬ. ಮೊದಲ ದಿನವೇ ಹೇಳಿದ್ದು ಅದನ್ನೇ. ಇನ್ನು ಮುಂದೆ ಬರುವವರು ಒಬ್ಬರೇ ಬರಬೇಕು, ಕುಟುಂಬ ತರುವ ಹಾಗಿಲ್ಲ ಅಂತ. ಮನೆಯಲ್ಲಿ ನಾನೂ ನೋಡಿದ್ದೆ."

ಉಮ್ಮರಬ್ಬನಿಗೆ ಕಿವಿ ಬಿಸಿಯಾಯಿತು. "ನನಗೆ ಇಂಗ್ಲಿಷ್ ಬರುವುದಿಲ್ಲ ಅಂತ ನಿಮಗೆ..."

"ಗೊತ್ತಿತ್ತು. ಮೊದಲಿಂದ."

"ಮತ್ತೆ ಯಾಕೆ ಒಂದು ಮಾತು ಹೇಳಲಿಲ್ಲ?"

"ನಿಮ್ಮ ವಾರ್ತೆ ಟಿವಿಯದ್ದಕ್ಕಿಂತ ಲಾಯ್ಕ ಇತ್ತು ಮಾರಾಯ್ರೆ. ನಗಾಡಿಕೊಂಡು ಕೂತೆ." ಜೋಕಿಮ್ ಆವತ್ತು ಚಾ ಮುಗಿಸಲಿಲ್ಲ. "ನನಗೂ ಇದರಲ್ಲಿ ಪಾಲು ಉಂಟು," ಎಂದು ಎದ್ದು ಹೋದರು.

ಆಮೇಲಿನ ದಿನಗಳಲ್ಲಿ ಉಮ್ಮರಬ್ಬನಿಗೆ ಆ ಪೆಟ್ಟಿಗೆಯ ಮುಖ ನೋಡಲಾಗಲಿಲ್ಲ. ಕೇಕ್ ಮಾಡುವವಳು ಅತ್ತರೆ ಇವನು ಕಣ್ಣು ತಪ್ಪಿಸುತ್ತಿದ್ದ. ಪಾಪ, ಅವಳು ತನ್ನ ಕೈಯಾರೆ ಕೆಡಿಸಿದ್ದಕ್ಕೆ ಲೋಕದ ಮುಂದೆ ಅಳುತ್ತಾಳೆ, ತಾನು ಅಷ್ಟೂ ಮಾಡಲಿಲ್ಲವಲ್ಲ! ಎಷ್ಟೆಲ್ಲ ನಕ್ಕಿದ್ದ ಆ ಜನರನ್ನು. ಟಿವಿ ಆರಿಸಿ, "ಕೆಟ್ಟಿದೆ," ಎಂದು ಹೇಳಿದ. ಅದೂ ಸುಳ್ಳೇ. ಎರಡು ದಿನ ಸುಮ್ಮನಿದ್ದ ಸೈದು ಮೂರನೆಯ ದಿನ ಸ್ಟೂಲು ಹತ್ತಿ, ಸ್ವಿಚ್ ಒತ್ತಿ, "ಎಂತ ಆಗಿಲ್ಲ ಉಮ್ಮರಾಕ, ಗುಂಡುಕಲ್ಲಿನ ಹಾಗೆ ಉಂಟು!" ಎಂದು ಇಳಿದ. ಊರಿಂದ ಹೆಂಡತಿ ಬೀಬಿ ಫೋನ್ ಮಾಡಿ, ಸ್ವರ ಯಾಕೆ ಹೀಗಿದೆ ಎಂದು ಕೇಳಿದರೆ, ಅವಳಿಗೂ ಹೇಳಲಾಗದೆ ಶೀತವೆಂದ. ನೆಲ ಬಿರಿದು ನುಂಗಬಾರದೇ ಎನ್ನುತ್ತಾರಲ್ಲ, ಹಾಗೆ ದಿನಾ ಅನ್ನಿಸುತ್ತಿತ್ತು. ನೆಲವೇನೋ ಬಿರಿಯಲಿಲ್ಲ. ಪರೋಟ ಬೇಯಿಸಿದ, ಚಾ ಸೋಸಿದ, ಶಬೀರ್ ಬಂದರೆ ಬೆನ್ನು ತಿರುಗಿಸಿ ಪಾತ್ರೆ ತಿಕ್ಕಿದ.

ಶಬೀರ್ ಊರಿಗೆ ಹೊರಡುವ ದಿನವೂ ಬಂತು. ಸಂಜೆಯ ಅಸರ್ ನಮಾಜು ಮುಗಿದ ಹೊತ್ತು, ಅಂಗಡಿ ತುಂಬಿತ್ತು, ಸೈದುವಿನ ಟ್ಯಾಕ್ಸಿ ಹೊರಗೆ ನಿಂತಿತ್ತು. ದೂರ ಹೊರಟವನು ಉಳಿದವರ ಹತ್ತಿರ ಕ್ಷಮೆ ಕೇಳಿ ಹೋಗುವುದು ಬ್ಯಾರಿಗಳಲ್ಲಿ ಇರುವ ಪದ್ಧತಿ. ಜೊತೆಯಲ್ಲಿದ್ದಾಗ ಗೊತ್ತಿದ್ದೋ ಇಲ್ಲದೆಯೋ ಆದ ತಪ್ಪಿನ ಭಾರ ಹೊತ್ತುಕೊಂಡು ಪ್ರಯಾಣ ಮಾಡಬಾರದು. ಶಬೀರ್ ಒಬ್ಬೊಬ್ಬರ ಕೈ ಹಿಡಿದು ಕೇಳುತ್ತ ಬಂದ. ಅವರೂ "ಆಯ್ತು, ಎಂತ ಇಲ್ಲ," ಎಂದು ಬೆನ್ನು ತಟ್ಟಿ ಕಳಿಸಿದರು. ಕೊನೆಗೆ ಒಲೆಯ ಹತ್ತಿರ ಬಂದು ಉಮ್ಮರಬ್ಬನ ಎರಡೂ ಕೈಗಳನ್ನು ಹಿಡಿದ. ಆ ಕೈಗಳಲ್ಲಿ ಹಿಟ್ಟಿತ್ತು.

"ನನ್ನಿಂದ ಏನಾದ್ರೂ ತಪ್ಪಾಗಿದ್ರೆ ಮಾಫ್ ಮಾಡಿ ಉಮ್ಮರಾಕ."

ಮಾಫ್ ಮಾಡಿದ್ದೇನೆ ಎಂದು ಯಾವ ಬಾಯಲ್ಲಿ ಹೇಳುವುದು? ಉಮ್ಮರಬ್ಬ ಕೈ ಎಳೆದುಕೊಳ್ಳಲು ನೋಡಿದ, ಶಬೀರ್ ಬಿಡಲಿಲ್ಲ.

"ನನಗೆ ಇಂಗ್ಲಿಷ್ ಬರುವುದಿಲ್ಲ," ಎಂದ ಉಮ್ಮರಬ್ಬ.

ಅಂಗಡಿ ಗೊಳ್ಳೆಂದು ನಕ್ಕಿತು. "ಕೇಳಿದ್ರಾ! ದೊರೆಗೆ ಮೊಟ್ಟೆ ಬೇಯಿಸಿದವನಿಗೆ ಇಂಗ್ಲಿಷ್ ಬರುವುದಿಲ್ಲವಂತೆ!" ಎಂದ ಸೈದು.

"ನಗಬೇಡ ಸೈದು. ಅಲ್ಲಾಹನಾಣೆ ಬರುವುದಿಲ್ಲ. ನಾಯಿ ಬಂದದ್ದು ನನ್ನ ಅದೃಷ್ಟ. ಆಮೇಲೆ ಹೇಳಿದ್ದೆಲ್ಲ ಚಿತ್ರ ನೋಡಿ ಹೇಳಿದ್ದು."

ಶಬೀರನ ನಗು ಮುಖದಲ್ಲಿ ಸ್ವಲ್ಪ ಹೊತ್ತು ಹಾಗೇ ಇತ್ತು, ಆಮೇಲೆ ಇಳಿಯಿತು. "ಆವತ್ತಿನದ್ದೂ?"

"ಆವತ್ತಿನದ್ದೂ. ಅವರು ಮಾತು ತಪ್ಪಲಿಲ್ಲ ಮೋನೇ. ಕುಟುಂಬ ತರಬೇಡಿ ಅಂತಲೇ ಆವತ್ತು ಹೇಳಿದ್ದಂತೆ. ಶಮೀಮಾ ಕಳಿಸಿದ್ದು ಸರಿ ಇತ್ತು."

ಶಬೀರ್ ಇನ್ನೂ ಕೈ ಬಿಟ್ಟಿರಲಿಲ್ಲ, ಬಿಡಲು ಮರೆತಂತಿತ್ತು.

"ಗೊತ್ತಿಲ್ಲ ಅಂತ ಒಂದು ಮಾತು ಹೇಳಬಹುದಿತ್ತಲ್ವಾ ಉಮ್ಮರಾಕ? ನಾನು ಬೇರೆ ಯಾರನ್ನಾದ್ರೂ ಕೇಳ್ತಿದ್ದೆ."

"ನಾಚಿಕೆ ಆಯ್ತು," ಎಂದ ಉಮ್ಮರಬ್ಬ. "ಎಲ್ಲರೂ ನನ್ನನ್ನೇ ನೋಡ್ತಾ ಇದ್ರು. ಗೊತ್ತಿಲ್ಲ ಅಂತ ಹೇಳ್ಲಿಕ್ಕೆ ನಾಚಿಕೆ ಆಯ್ತು."

ಶಬೀರ್ ಕೈ ಬಿಟ್ಟ. ಅಂಗೈಗೆ ಅಂಟಿದ ಹಿಟ್ಟನ್ನು ಪ್ಯಾಂಟಿಗೆ ಒರೆಸಿಕೊಂಡು, ಚೀಲ ಎತ್ತಿಕೊಂಡು ಬಾಗಿಲಿನವರೆಗೆ ಹೋದ. ಉಮ್ಮರಬ್ಬ ಒಲೆ ಬಿಟ್ಟು ಅವನ ಹಿಂದೆಯೇ ನಡೆದ.

"ಮೋನೇ, ನೀನು ನನ್ನನ್ನು ಮಾಫ್ ಮಾಡ್ತೀಯಾ?"

ಶಬೀರ್ ನಿಂತ. ಟಿವಿಯ ಕಡೆ ಒಮ್ಮೆ ನೋಡಿದ, ಉಮ್ಮರಬ್ಬನ ಕಡೆ ಒಮ್ಮೆ ನೋಡಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ.

"ಗೊತ್ತಿಲ್ಲ ಉಮ್ಮರಾಕ," ಎಂದು ಹೇಳಿ ಟ್ಯಾಕ್ಸಿ ಹತ್ತಿದ.