ಕುದುರೆ ಕೆಡವಲು ಹಗ್ಗ ಕೇಳಿದವನು

ಕುದುರೆಯನ್ನು ನೆಲಕ್ಕೆ ಕೆಡವಲು ಹಗ್ಗ ಕೇಳಿದವನನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಅದೂ ರೇಸಿನ ಕುದುರೆ. ಅದೂ ಕೆಲಸದ ಟ್ರಯಲ್‌ಗೆಂದು ಹೋದಾಗ.

ಅವನನ್ನು ಅಲ್ಲಿಗೆ ಕರೆದುಕೊಂಡು ಹೋದವಳು ನಾನೇ. ಹೀಗಾಗಿ ಸ್ವಲ್ಪ ವಿವರವಾಗಿ ಹೇಳಬೇಕು.

ದಸ್ತಗೀರ ಮಹಾಲಿಂಗಪುರದವನು. ಎತ್ತಿನ ಕಾಲಿಗೆ ನಾಲು, ಅಂದರೆ ಕಬ್ಬಿಣದ ಲಾಳ, ಬಡಿಯುವುದು ಅವನ ಕಸುಬು. ಎತ್ತಿನ ಗೊರಸು ಸೀಳಿರುತ್ತದೆ. ಒಂದು ಕಾಲಿಗೆ ಎರಡು ತುಂಡು, ಒಂದು ಎತ್ತಿಗೆ ಎಂಟು. ನಿಂತ ಎತ್ತು ಸುಮ್ಮನೆ ಬಡಿಸಿಕೊಳ್ಳುವುದಿಲ್ಲ. ಕಾಲಿಗೆ ಹಗ್ಗ ಸುತ್ತಿ ಒಂದು ಜಗ್ಗು ಜಗ್ಗಿ ಅದನ್ನು ಮಲಗಿಸಬೇಕು, ಆಮೇಲೆ ಕಾಲು ಕೂಡಿಸಿ ಕಟ್ಟಬೇಕು. ಹುನ್ನೂರಿನ ನನ್ನ ಮೈದುನನ ಎತ್ತುಗಳಿಗೆ ಅವನೇ ಬರುತ್ತಿದ್ದ. ನಾನು ಚಹಾ ಇಟ್ಟು ಸೋಸುವಷ್ಟರಲ್ಲಿ ಒಂದು ಎತ್ತು ಮುಗಿಸಿರುತ್ತಿದ್ದ. ಬೆಲ್ಲದ ಪೇಟೆಯಲ್ಲಿ ಅವನಿಗೆ ‘ಉಸ್ತಾದ’ ಎಂದೇ ಹೆಸರು.

ಈಗ ಕಬ್ಬು ಟ್ರ್ಯಾಕ್ಟರಿನಲ್ಲಿ ಹೋಗುತ್ತದೆ. ಟ್ರ್ಯಾಕ್ಟರಿಗೆ ಯಾರೂ ನಾಲು ಬಡಿಸುವುದಿಲ್ಲ.

ಪುಣೆಯಲ್ಲಿರುವ ನನ್ನ ಅಕ್ಕನ ಪಕ್ಕದ ಮನೆಯವರು ಒಂದು ರೇಸ್ ಕುದುರೆ ಲಾಯದಲ್ಲಿ ಗುಮಾಸ್ತರು. ಲಾಯಕ್ಕೆ ನಾಲು ಬಡಿಯುವವರು ಬೇಕಾಗಿದ್ದಾರೆ, ಬಯೋಡಾಟಾ ಕಳಿಸಿ ಎಂದರು. ಸರಿ, ದಸ್ತಗೀರನ ಪರವಾಗಿ ನಾನು ಬರೆಯಲು ಕೂತೆ.

ನಮ್ಮನೆಯವರು ಹಿಂದಿನಿಂದ ಇಣುಕಿ, “ಎತ್ತು ಅಂತ ಬರದ್ರ ಯಾರ್ ಕರೀತಾರ? ಎತ್ತು ಬಿಡು” ಎಂದರು.

ಬಿಟ್ಟೆ. ನಮ್ಮ ಕಡೆ ಗಾಲಿ ತಿರುಗದಂತೆ ಕಟ್ಟಿದ ಬಂಡಿಯನ್ನು ಎತ್ತುಗಳು ಎಳೆಯುವ ತೆರಬಂಡಿ ಸ್ಪರ್ಧೆ ಇದೆಯಲ್ಲ, ಆ ಎತ್ತುಗಳಿಗೂ ದಸ್ತಗೀರ ನಾಲು ಬಡಿದಿದ್ದಾನೆ. ಹೀಗಾಗಿ ‘ಸ್ಪರ್ಧೆಯ ಪ್ರಾಣಿಗಳಿಗೆ ನಾಲು ಬಡಿದ ಹದಿನೈದು ವರ್ಷಗಳ ಅನುಭವ’ ಎಂದು ಇಂಗ್ಲಿಷಿನಲ್ಲಿ ಬರೆದೆ. ಸುಳ್ಳು ಎಲ್ಲಿದೆ ಹೇಳಿ? (ನಮ್ಮಂಥವರು ಸುಳ್ಳು ಹೇಳುವುದಿಲ್ಲ. ಒಂದೆರಡು ಶಬ್ದ ಬಿಡುತ್ತೇವೆ, ಅಷ್ಟೆ.)

ಕರೆ ಬಂತು. ಅಕ್ಕನ ಮಗಳ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ನಾನೂ ಪುಣೆಗೆ ಹೊರಟಿದ್ದೆ. ಗೇಟಿನಲ್ಲಿ ತುಂಬುವ ಫಾರ್ಮ್ ಇಂಗ್ಲಿಷಿನಲ್ಲಿ ಇರುತ್ತದಂತೆ ಎಂದು ದಸ್ತಗೀರ ನನ್ನನ್ನೂ ಲಾಯಕ್ಕೆ ಕರೆದ. ಹೋದೆ.

ಲಾಯ ನಮ್ಮ ಅಡುಗೆ ಮನೆಗಿಂತ ಚೊಕ್ಕಟವಾಗಿತ್ತು. ನಾಲು ಕೆಲಸದ ಹಿರಿಯ ಶಿಂಧೆ ಮಾಮಾ ಸಾಂಗಲಿ ಕಡೆಯವರು, ಕನ್ನಡ ಬರುತ್ತಿತ್ತು. ಕುದುರೆ ನೋಡಿಕೊಳ್ಳುವ ಸೈಸ್ ಒಂದು ಕಂದು ಕುದುರೆಯನ್ನು ತಂದು ನಿಲ್ಲಿಸಿದ. ದಸ್ತಗೀರ ಚೀಲ ಇಳಿಸಿ, ಅದರ ಸುತ್ತ ಒಂದು ಸುತ್ತು ಹಾಕಿ ಕೇಳಿದ:

“ಹಗ್ಗ ಎಲ್ಲೈತ್ರಿ?”

“ಹಗ್ಗ ಯಾಕ?”

“ಕೆಡವಾಕ್ರಿ.”

ಸೈಸ್‌ಗೆ ಕನ್ನಡ ಬರುತ್ತಿರಲಿಲ್ಲ. ಆದರೆ ದಸ್ತಗೀರನ ಕೈಸನ್ನೆ ನೋಡಿ ಕುದುರೆಯನ್ನು ನಾಲ್ಕು ಹೆಜ್ಜೆ ಹಿಂದಕ್ಕೆ ಕರೆದುಕೊಂಡು ಹೋದ.

“ಲೇ, ಇದು ಬಿದ್ರ ನಾವೆಲ್ಲಾರೂ ಊರ ಬಸ್ ಹತ್ತಬೇಕಾಗತೈತಿ” ಎಂದರು ಮಾಮಾ. “ಖರೆ ಹೇಳು. ಈತನಕ ಎಷ್ಟು ಕುದುರಿಗೆ ಬಡದಿ?”

ದಸ್ತಗೀರ ನನ್ನ ಕಡೆ ನೋಡಿದ. ನಾನು ಕುದುರೆಯ ಕಡೆ ನೋಡಿದೆ.

“ಒಂದಕ್ಕೂ ಇಲ್ರಿ. ಎಲ್ಲಾ ಎತ್ತರಿ.”

“ಮತ್ತ ಈ ಹಾಳ್ಯಾಗ ಹಿಂಗ್ಯಾಕ ಬರದೈತಿ?” ಎಂದು ಮಾಮಾ ನಾವು ಕಳಿಸಿದ ಬಯೋಡಾಟಾ ತೋರಿಸಿದರು.

“ಬರಸಿದಾಂವ ನಾನರಿ.”

ಅವನು ಬರೆಸಿರಲಿಲ್ಲ. ಆ ಇಂಗ್ಲಿಷ್ ಅವನಿಗೆ ಓದಲಿಕ್ಕೂ ಬರುವುದಿಲ್ಲ. “ಬರದಾಕಿ ನಾನ್ರಿ” ಎಂದೆ. ಹೇಳಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು ಎನ್ನುವುದನ್ನೂ ಇಲ್ಲಿ ಬರೆದುಬಿಡುತ್ತೇನೆ.

ಕೆಲಸ ಹೋಯಿತು ಎಂದುಕೊಂಡೆ. ಅವನೂ ಚೀಲಕ್ಕೆ ಕೈ ಹಾಕಿದ.

“ಚೀಲ ಅಲ್ಲೇ ಇಡು” ಎಂದರು ಮಾಮಾ. “ಮೊಳಿ ಹೊಡಿಯೂದು ನಿನಗ ಗೊತ್ತೈತಿ. ಕಾಲು ಇಸ್ಗೊಳ್ಳೂದು ಗೊತ್ತಿಲ್ಲ. ಬಾ ಇಲ್ಲಿ.”

ಕುದುರೆಯ ಕಾಲನ್ನು ಎತ್ತುವುದಲ್ಲ, ಅದರಿಂದ ಇಸಿದುಕೊಳ್ಳುವುದಂತೆ. ಪಕ್ಕಕ್ಕೆ ನಿಂತು, ಭುಜ ತಾಗಿಸಿ, ಕೈಯನ್ನು ಮೇಲಿನಿಂದ ಕೆಳಗೆ ಸವರಿಕೊಂಡು ಬರಬೇಕು. ಮನಸ್ಸಾದರೆ ಅದೇ ಕೊಡುತ್ತದೆ. ಮನಸ್ಸಾಗಲು ಅರ್ಧ ತಾಸು ಹಿಡಿಯಿತು. ಕೊಟ್ಟ ಮೇಲೆ ಅರ್ಧ ಭಾರವನ್ನೂ ಅವನ ತೊಡೆಯ ಮೇಲೇ ಹಾಕಿ ಆರಾಮಾಗಿ ನಿಂತುಬಿಟ್ಟಿತು. ದಸ್ತಗೀರನ ಅಂಗಿ ತೊಯ್ದು ಹೋಯಿತು. ಅವನು ಮಾತ್ರ ಕಾಲು ಬಿಡಲಿಲ್ಲ.

“ಆರು ತಿಂಗಳು ಬರೇ ಕಾಲು ಹಿಡಿ. ಸುತ್ತಿಗಿ ಮುಟ್ಟಬ್ಯಾಡ” ಎಂದರು ಮಾಮಾ. “ಆಗೂದಾದ್ರ ಸೋಮವಾರ ಬಾ.”

ಹೊರಗೆ ಚಹಾದಂಗಡಿಯಲ್ಲಿ ಕೂತೆವು. ದಸ್ತಗೀರನಿಗೆ ಮೂವತ್ತಾರು. ಎರಡು ಮಕ್ಕಳ ತಂದೆ.

“ಹದಿನೈದು ವರ್ಷ ಆತ್ರಿ ಅಕ್ಕಾರ ನಾ ಸುತ್ತಿಗಿ ಹಿಡದು. ಈಗ ಮುಟ್ಟಬ್ಯಾಡ ಅಂತಾರ. ಊರಾಗ ಏನಂತ ಹೇಳ್ಲಿ?”

ಹೆಂಡತಿ ಹಸೀನಾಗೆ ಫೋನ್ ಹಚ್ಚಿದ. ಅವಳ ದನಿ ನನಗೂ ಕೇಳಿಸುವಷ್ಟು ದೊಡ್ಡದು.

“ಇಲ್ಲಿ ಉಸ್ತಾದ ಅನಿಸ್ಕೊಂಡು ಕಟ್ಟಿ ಮ್ಯಾಲ ಕುಂಡ್ರೂದಕ್ಕಿಂತ ಅಲ್ಲಿ ಕಾಲು ಹಿಡೀರಿ. ಕುದುರಿ ಕಾಲಲ್ಲೇನು? ಮನಷ್ಯಾರ್ದು ಹಿಡೀರಿ ಅಂದಿಲ್ಲಲ್ಲ ನಾ.”

ಸೋಮವಾರ ಹೋದ.

ಈ ಕಥೆ ಹೇಳಿದಾಗಲೆಲ್ಲ ಒಬ್ಬರಲ್ಲ ಒಬ್ಬರು ಕೇಳುತ್ತಾರೆ, “ರೇಸ್ ಲೈನಿನಾಗ ನಮ್ಮ ಹುಡುಗನ್ನೂ ಹಚ್ಚಬೇಕಲ್ರಿ, ಜಾಕಿ ಆಗಾಕ ಏನ್ ಓದಬೇಕು?” ಎಲ್ಲರಿಗೂ ಮೇಲೆ ಕೂಡುವ ಕೆಲಸವೇ ಬೇಕು. ಟಿವಿಯಲ್ಲಿ ಕಾಣುವವನು ಅವನೊಬ್ಬನೇ ತಾನೆ? ನಾನು ಅಲ್ಲಿ ನೋಡಿದ್ದು ಬೇರೆ. ಒಂದು ಕುದುರೆ ಎರಡು ನಿಮಿಷ ಓಡಲು ಬೆಳಗಿನ ನಾಲ್ಕಕ್ಕೆ ಏಳುವವರು ಎಷ್ಟು ಜನ! ಮೇವು ತೂಗುವವನು, ಮೈ ತಿಕ್ಕುವವನು, ಬೆಳಗಿನ ಓಟ ಓಡಿಸುವವನು, ಕಾಲು ಮುಟ್ಟಿ ಬಿಸಿ ಇದೆಯೇ ಎಂದು ನೋಡುವವನು. ಅವರಲ್ಲಿ ಯಾರನ್ನು ಕೇಳಿದರೂ ಕೆಲಸ ಶುರುವಾದದ್ದು ಲದ್ದಿ ಬಳಿಯುವುದರಿಂದಲೇ ಎನ್ನುತ್ತಾರೆ. ಕೆರಿಯರ್ ಎಂದರೆ ಏಣಿ ಎನ್ನುತ್ತೇವೆ. ಒಂದು ಏಣಿಯನ್ನು ಪೂರ್ತಿ ಹತ್ತಿದವನು ಇಳಿದು ಬಂದು ಇನ್ನೊಂದರ ಮೊದಲ ಮೆಟ್ಟಿಲ ಮೇಲೆ ನಿಲ್ಲಬೇಕಾದಾಗ ಏನು ಮಾಡಬೇಕು ಎಂದು ಯಾರೂ ಹೇಳಿಕೊಡುವುದಿಲ್ಲ.

ಆರು ತಿಂಗಳು ಒಂಬತ್ತಾಯಿತು. ಆಮೇಲೆ ಮಾಮಾ ಹಳೆಯ ನಾಲು ಬಿಚ್ಚಲು ಬಿಟ್ಟರು, ಆಮೇಲೆ ಗೊರಸು ಕೆತ್ತಲು. ರೇಸಿಗೆ ಹಾಕುವ ನಾಲು ನಮ್ಮ ಎತ್ತಿನದರಂತಲ್ಲ, ಅಂಗೈಯಲ್ಲಿಟ್ಟರೆ ಭಾರವೇ ಗೊತ್ತಾಗದಷ್ಟು ಹಗುರ. ಮೊಳೆ ಒಂದು ಕೂದಲಿನಷ್ಟು ಒಳಗೆ ಹೋದರೂ ಕುದುರೆ ಕುಂಟುತ್ತದೆ. ಆದ್ದರಿಂದಲೇ ಮಾಮಾಗೆ ಅವಸರ ಇರಲಿಲ್ಲ.

ಕಳೆದ ಭಾನುವಾರ ಸಂಜೆ ನಾನು ಶೇಂಗಾ ಹುರಿಯುತ್ತಿದ್ದಾಗ ಫೋನ್ ಬಂತು. ನಾಲ್ಕೂ ಕಾಲಿಗೆ ದಸ್ತಗೀರ ಒಬ್ಬನೇ ನಾಲು ಬಡಿದ ಮೊದಲ ಕುದುರೆ ಅಂದು ಓಡಿತ್ತು.

“ಏನಾತಪಾ?” ಎಂದೆ.

“ಎಲ್ಲಾಕ್ಕಿಂತ ಕಡೀಕ ಬಂತ್ರಿ ಅಕ್ಕಾರ.”

ಒಲೆ ಸಣ್ಣ ಮಾಡಿದೆ. ಇಂಥ ಹೊತ್ತಿಗೆ ಹೇಳುವ ಮಾತು ಇದ್ದೇ ಇರುತ್ತದಲ್ಲ, “ಇರಲಿ ಬಿಡಪಾ, ಮನಸಿಗೆ ಹಚ್ಕೋಬ್ಯಾಡ” ಎಂದೆ.

“ನಾ ಯಾಕ ಹಚ್ಕೊಳ್ಳಲಿರಿ? ನಾಲ್ಕೂ ನಾಲು ಹಾಕಿದ್ದು ಹಾಕಿದಂಗ ಅದಾವು. ಓಡೂದು ಕುದುರಿ ಕೆಲಸರಿ.”