ಮಾತೆಗೆ ಹರಕೆ ಹೊತ್ತ ಜಡೆ

ಮಗಳ ಜಡೆ ಹೆಣೆಯದೆ ಜೊಯಿಲಾ ಬೆಳಗಿನ ಕಾಫಿ ಮುಟ್ಟಿದವಳಲ್ಲ. ಮಾರುವ ಬ್ರೆಡ್ಡಿಗೆ ಒಲೆ ಹಚ್ಚಿ, ಕೈಯ ಹಿಟ್ಟು ತೊಳೆದು, ಡೊಮೆನಿಕಾಳನ್ನು ಮುಂದೆ ಕೂರಿಸಿಕೊಂಡು ‘ನಮೋ ಮರಿಯಾ’ ಹೇಳುತ್ತ ಹೆಣೆಯುವಳು. ಹುಡುಗಿಗೆ ಹದಿನೈದು ತುಂಬಿದ ದಿನ ಆ ಜಡೆಯನ್ನು ಚರ್ಚಿನ ಮಾತೆಗೆ ಕೊಡುವುದೆಂದು ಹರಕೆ. ನಮ್ಮೂರು ಗುವಾರಾಂಡಾದಲ್ಲಿ ಮಾತೆಯ ಪ್ರತಿಮೆಗೆ ಇರುವ ಕೂದಲೆಲ್ಲ ಹೀಗೆ ಬಂದದ್ದೇ.

ಆ ವರ್ಷ ಶಾಲೆಯಲ್ಲಿ ಯಾರು ಬಾವುಟ ಹೊರುತ್ತಾರೆ ಎಂಬುದೊಂದೇ ಬೀದಿಯ ಮಾತು. ಹೆಚ್ಚು ಅಂಕದವಳಿಗೆ ನಮ್ಮ ದೇಶ ಎಕ್ವಡೋರಿನ ಬಾವುಟ, ಎರಡನೆಯವಳಿಗೆ ಊರಿನದು. ಪಕ್ಕದ ಮನೆಯ ಮಾಯ್ರಾ ಮೊದಲು, ಡೊಮೆನಿಕಾ ಎರಡನೆಯವಳು. ಮಾಯ್ರಾಳ ತಾಯಿ ತಾರ್ಹೆಲಿಯಾ, ಜ್ಞಾನಸ್ನಾನದ ದಿನ ಡೊಮೆನಿಕಾಳನ್ನು ಜ್ಞಾನತಾಯಿಯಾಗಿ ಎತ್ತಿ ಹಿಡಿದವಳು. ಅಂದಿನಿಂದ ತಾಯಂದಿರಿಬ್ಬರೂ ಪರಸ್ಪರ ‘ಕೊಮಾದ್ರೆ’, ಅಂದರೆ ಜೊತೆತಾಯಿ.

“ನಿಮ್ಮವಳಿಗೆ ಊರಿನ ಬಾವುಟವೇ ಸಾಕು ಬಿಡಿ ಕೊಮಾದ್ರೆ, ಹಗುರ,” ಎಂದು ತಾರ್ಹೆಲಿಯಾ ಬ್ರೆಡ್ಡು ಆರಿಸುತ್ತ ನಕ್ಕಳು.

“ನಿಮ್ಮವಳಿಗೆ ಭಾರ ಆದ್ರೆ ಹೇಳಿ, ನಮ್ಮವಳ ತೋಳು ಗಟ್ಟಿ ಇದೆ.”

ಅವಳು ಹೋದ ಮೇಲೆ ಜೊಯಿಲಾ ಮಗಳತ್ತ ತಿರುಗಿದಳು. “ಕೇಳಿಸ್ಕೊಂಡ್ಯಾ? ಆ ನಗು ನನ್ನ ಹೊಟ್ಟೇಲಿ ಉರೀತಾ ಇದೆ.” ಹುಡುಗಿ ಉಣ್ಣದೆ ಎದ್ದಳು.

ಬಾವುಟ ಹೊರುವ ಸಮಾರಂಭ ಹತ್ತಿರವಾದಾಗ ಡೊಮೆನಿಕಾ ಜಡೆಯಿಲ್ಲದೆ ಶಾಲೆಯಿಂದ ಬಂದಳು. ಯಾರೋ ಹಿಂದಿನಿಂದ ಬಂದು ಕತ್ತರಿಸಿದರು, ಮಾಯ್ರಾಳ ಧ್ವನಿಯಂತಿತ್ತು ಎಂದಳು. ಮಾಯ್ರಾಳ ಚೀಲದಲ್ಲಿ ಕತ್ತರಿ ಸಿಕ್ಕಿತು. ಎಕ್ವಡೋರಿನ ಬಾವುಟ ಡೊಮೆನಿಕಾಳ ಪಾಲಾಯಿತು.

ತಾರ್ಹೆಲಿಯಾ ಬ್ರೆಡ್ಡಿಗೆ ಬರುವುದು ನಿಂತಿತು. ಗೋಡೆಯಾಚೆ ಮಾಯ್ರಾ ಅಳುತ್ತಿದ್ದಳು. ಈಚೆ ಡೊಮೆನಿಕಾ ಗೋಡೆಗೆ ಕಿವಿ ಹಚ್ಚಿ ಅದನ್ನೇ ಕೇಳುತ್ತ ಕೂರುವಳು. ತಾಯಿ ಬಂದರೆ ಎದ್ದು ಹೋಗುವಳು. ಉಳಿದ ಗಿಡ್ಡ ಕೂದಲನ್ನು ಮುಟ್ಟಗೊಡಲಿಲ್ಲ. ಆದರೂ ಜೊಯಿಲಾ ಬೆಳಿಗ್ಗೆ ಬಾಚಣಿಗೆ ಹಿಡಿದು ಅದೇ ಜಾಗದಲ್ಲಿ ಒಬ್ಬಳೇ ಕೂತಿರುತ್ತಿದ್ದಳು.

ಮಾತೆಗೆ ಉಡುಪು ತೊಡಿಸುವ ಸೇವೆ ನನ್ನದು. ಶನಿವಾರ ಉಡುಪಿನ ಪೆಟ್ಟಿಗೆ ತೆರೆದರೆ ಬಿಳಿ ಬಟ್ಟೆಯಲ್ಲಿ ಸುತ್ತಿದ ಜಡೆ, ಎರಡೂ ತುದಿ ದಾರದಲ್ಲಿ ಬಿಗಿದದ್ದು. ಜೊಯಿಲಾಳನ್ನು ಕರೆಸಿ ಅವಳ ಮಡಿಲಲ್ಲಿಟ್ಟೆ. ಅವಳು ಬಹಳ ಹೊತ್ತು ಸವರಿದಳು.

“ಹರಕೆ ಕೂದಲು ನೆಲಕ್ಕೆ ಬೀಳಬಾರದು, ಕತ್ತರಿಸೋ ಮೊದಲೇ ಎರಡೂ ಕಡೆ ಕಟ್ಟಬೇಕು ಅಂತ ಮಗಳಿಗೆ ಹೇಳಿಕೊಟ್ಟವಳು ನಾನೇ. ಹಗೆಯವರಾಗಿದ್ರೆ ಕಸಕ್ಕೆ ಎಸೀತಿದ್ರು.”

ಮನೆಗೆ ಹೋಗಿ ತಾಯಿ ಕೇಳಿದ್ದಕ್ಕೆ ಹುಡುಗಿ, “ನಿನಗೋಸ್ಕರಾನೇ ಮಾಡ್ದೆ ಅಮ್ಮಾ,” ಎಂದಳಂತೆ. ಮಾಯ್ರಾಳ ಚೀಲದಲ್ಲಿ ಕತ್ತರಿ ಇಟ್ಟವಳೂ ಅವಳೇ. ಆಮೇಲೆ ತಾಯಿಯೊಡನೆ ಮಾತೇ ಬಿಟ್ಟಳು.

ಸೋಮವಾರ ಜೊಯಿಲಾ ನನ್ನನ್ನು ಜೊತೆಗೆ ಕರೆದುಕೊಂಡು ಶಾಲೆಗೆ ಹೋಗಿ, ಮುಖ್ಯಸ್ಥೆ ಮದರ್ ಎನ್ರಿಕೆತಾ ಅವರಿಗೆ ಎಲ್ಲ ಹೇಳಿದಳು. ಮದರ್ ಎದ್ದು ಬಾಗಿಲು ಮುಚ್ಚಿದರು.

“ನೋಡು ಮಗಳೇ, ನಾಳೆ ಸಮಾರಂಭ. ಇದು ಹೊರಬಿದ್ರೆ ಹುಡುಗಿಗೆ ಜೀವನಪೂರ್ತಿ ಮಸಿ. ನೀನು ಒಂಟಿ ಹೆಂಗಸು, ನಿನ್ನ ಮುಖ ನೋಡಿ ಮಾತು ಇಲ್ಲೇ ಮುಚ್ಚಿಬಿಡ್ತೀನಿ. ಅವಳೇ ಬಾವುಟ ಹೊರಲಿ.”

ಜೊಯಿಲಾ ಶಾಲಿನ ಅಂಚು ಹಿಂಡುತ್ತಿದ್ದಳು.

“ದೊಡ್ಡ ಮನಸ್ಸು ಮದರ್. ಆದ್ರೆ ಬೇಡ. ಇನ್ನು ಮಗಳು ನನ್ನ ಮುಖ ನೋಡೋದಿಲ್ಲ, ಗೊತ್ತು. ಬಾವುಟ ಮಾಯ್ರಾಗೇ ಕೊಡಿ.”