ಇನ್ನೂ ಬರದವರ ಪಾಲು

ದೊಡ್ಡಮ್ಮನ ಕೋಪ ಸದಾ ಮೂಗಿನ ತುದಿಯಲ್ಲೇ. ಲಾಂಡ್ರಿಯ ಯಜಮಾನ ಕೂಡ ಅವಳ ಇಸ್ತ್ರಿ ಮೇಜಿನ ಹತ್ತಿರ ಬರುವಾಗ ದನಿ ತಗ್ಗಿಸುತ್ತಿದ್ದ. ಹೋಟೆಲುಗಳಿಂದ, ಆಸ್ಪತ್ರೆಗಳಿಂದ ಬರುವ ಹಾಸಿಗೆ ಬಟ್ಟೆ, ದಿಂಬಿನ ಚೀಲಗಳಿಗೆ ಬೆಳಗಿನಿಂದ ಸಂಜೆಯವರೆಗೆ ಇಸ್ತ್ರಿ ಹಾಕುವುದು ಅವಳ ಕೆಲಸ. ನಿಂತೇ ಮಾಡುವ ಕೆಲಸ. ಅದು ಎಷ್ಟು ರೂಢಿಯಾಗಿತ್ತೆಂದರೆ, ಮನೆಯಲ್ಲೂ ಅವಳು ಕೂತು ಉಂಡದ್ದನ್ನು ಯಾರೂ ಕಂಡಿರಲಿಲ್ಲ. ಎಲ್ಲರಿಗೂ ಬಡಿಸಿ, ಒಲೆಯ ಪಕ್ಕದ ಗೋಡೆಗೆ ಒರಗಿ, ಪಾತ್ರೆಯಲ್ಲಿ ಮಿಕ್ಕಿದ್ದನ್ನು ಅಲ್ಲೇ ನಿಂತು ಮುಗಿಸುವಳು. "ಕೂತರೆ ಗಂಟಲಲ್ಲಿ ಇಳಿಯಲ್ಲ ಕಣೇ, ಕುದುರೆ ಜಾತಿ ನಂದು" ಎಂದು ತಾನೇ ನಗುವಳು.

ಮನೆ ಅವಳದಲ್ಲ, ತಂಗಿಯದು. ಗಂಡ ತೀರಿಕೊಂಡ ಮೇಲೆ ತಂಗಿಯ ಬಾಣಂತನಕ್ಕೆಂದು ಒಂದು ಚೀಲ ಹಿಡಿದು ಬಂದವಳು ಅಲ್ಲೇ ಉಳಿದುಬಿಟ್ಟಳು. ಆಗ ಹುಟ್ಟಿದ ಮಗು ಹಗಲೂ ರಾತ್ರಿ ಒಂದೇ ಶ್ರುತಿಯಲ್ಲಿ ಕುಯ್ಯೋ ಎನ್ನುತ್ತಿದ್ದುದರಿಂದ ದೊಡ್ಡಮ್ಮ ಅದಕ್ಕೆ ಪಿಟೀಲು ಎಂದು ಹೆಸರಿಟ್ಟಳು. ಶಾಲೆಯ ಹಾಜರಿಯಲ್ಲಿ ಬೇರೆ ಹೆಸರಿದ್ದರೂ ಮನೆಗೆ, ಬೀದಿಗೆ ಇವತ್ತಿಗೂ ಅವಳು ಪಿಟೀಲೇ. ತಂಗಿ ಆಸ್ಪತ್ರೆಯಲ್ಲಿ ನರ್ಸ್. ತಂಗಿಯ ಗಂಡ ದೂರದೂರಿಗೆ ಲಾರಿ ಓಡಿಸುವವನು. ಹೋದರೆ ಯಾವತ್ತು ಬರುತ್ತಾನೆಂದು ಅವನಿಗೇ ಗೊತ್ತಿರುವುದಿಲ್ಲ.

ಹಾಗಾಗಿ ಆ ಮನೆಯಲ್ಲಿ ದೊಡ್ಡಮ್ಮ ಮಾಡಿದ ಒಂದು ಕಟ್ಟಳೆಯಿತ್ತು. ಏನೇ ಬೇಯಿಸಲಿ, ಏನೇ ತರಲಿ, ಬಡಿಸುವ ಮೊದಲು ಒಂದು ಪಾಲು ತೆಗೆದು, ತಟ್ಟೆಗೆ ಮುಚ್ಚಳ ಮುಚ್ಚಿ ಗೂಡಿನಲ್ಲಿಡಬೇಕು. "ಇನ್ನೂ ಬರದವರದ್ದು ಮೊದಲು, ಆಮೇಲೆ ಕೂತವರದ್ದು." ಪಿಟೀಲಿಗೆ ತಟ್ಟೆ ಎತ್ತುವಷ್ಟು ಕೈ ಬಲಿತ ದಿನದಿಂದ ಆ ಕೆಲಸ ಅವಳದೇ. ಅಪ್ಪ ಅಂದು ಬಂದರೆ ಸರಿ. ಬಾರದಿದ್ದರೆ ಬೆಳಿಗ್ಗೆ ದೊಡ್ಡಮ್ಮ ಅದನ್ನು ಬಿಸಿ ಮಾಡಿ, ಅದೇ ಗೋಡೆಗೆ ಒರಗಿ ತಿಂದು ಕೆಲಸಕ್ಕೆ ಓಡುವಳು.

ಹೀಗಿರುವಾಗ ಶಾಲೆಯಿಂದ ಕರೆ ಬಂತು. ತಂಗಿಗೆ ಪಾಳಿ ಇದ್ದುದರಿಂದ ದೊಡ್ಡಮ್ಮನೇ ಹೋದಳು. ಟೀಚರು ಒಳ್ಳೆಯ ಹೆಂಗಸು, ಕುರ್ಚಿ ಎಳೆದು ಕೊಟ್ಟು ಮೆಲ್ಲಗೆ ಹೇಳಿದರು.

"ಮಗ್ಗಿ ಪಟಪಟ ಹೇಳ್ತಾಳೆ. ಕೂಡೋದು, ಕಳೆಯೋದು ಯಾವುದೂ ತೊಂದರೆ ಇಲ್ಲ. ಆದ್ರೆ ವಾಕ್ಯದಲ್ಲಿ ಕೊಡೋ ಲೆಕ್ಕ ಇದೆಯಲ್ಲ, ಅದರಲ್ಲೂ ಹಂಚೋ ಲೆಕ್ಕ, ಒಂದೂ ಸರಿ ಇಲ್ಲ. ಬರೋ ಪರೀಕ್ಷೇಲೂ ಹೀಗೇ ಆದ್ರೆ ಇನ್ನೊಂದು ವರ್ಷ ಇದೇ ಕ್ಲಾಸಲ್ಲಿ ಕೂರಿಸಬೇಕಾಗುತ್ತೆ."

ದೊಡ್ಡಮ್ಮನನ್ನೂ ಒಮ್ಮೆ ಹಾಗೆ ಕೂರಿಸಿದ್ದರು. ತನಗಿಂತ ಗೇಣುದ್ದ ಕುಳ್ಳಗಿದ್ದ ಮಕ್ಕಳ ನಡುವೆ, ಮೊಣಕಾಲು ತಾಗುವ ಬೆಂಚಿನಲ್ಲಿ. ಜತೆಯವರೆಲ್ಲ ಪಕ್ಕದ ಕೋಣೆಯಲ್ಲಿ ನಗುವುದು ಗೋಡೆಯಾಚೆಯಿಂದ ಕೇಳಿಸುತ್ತಿತ್ತು. ಒಂದು ದಿನ ಶಾಲೆಗೆ ಹೋಗಲ್ಲ ಎಂದಳು. ಯಾಕೆಂದು ಮನೆಯಲ್ಲಿ ಯಾರೂ ಕೇಳಲಿಲ್ಲ. ಅಲ್ಲಿಗೆ ಅವಳ ಓದು ಮುಗಿಯಿತು. ಆ ಗತಿ ಈ ಮಗುವಿಗೆ ಬರುವುದಾದರೆ ತಾನು ಇಷ್ಟು ವರ್ಷ ಈ ಮನೆಯಲ್ಲಿ ಇದ್ದು ಏನು ಬಂತು?

"ಕೂರಿಸೋ ಮಾತೇ ಬೇಡ ಟೀಚರ್. ನಾನು ಹೇಳಿಕೊಡ್ತೀನಿ" ಎಂದುಬಿಟ್ಟಳು. ಹೇಳಿದ ಮೇಲೆ ಬೆವರಿದಳು. ಹೇಳಿಕೊಡುವುದಕ್ಕೆ ತನಗೆ ಬರಬೇಕಲ್ಲ!

ಆ ಸಂಜೆ ದೊಡ್ಡಮ್ಮ ಪುಸ್ತಕ ಬಿಡಿಸಿ, ತಂಗಿಯ ಕನ್ನಡಕ ಏರಿಸಿಕೊಂಡು ಓದಿದಳು.

"ಒಬ್ಬ ತಾಯಿಯ ಬಳಿ ಇಪ್ಪತ್ನಾಲ್ಕು ಕಿತ್ತಳೆ ಹಣ್ಣುಗಳಿವೆ. ಅವನ್ನು ಮೂರು ಮಕ್ಕಳಿಗೆ ಸಮನಾಗಿ ಹಂಚಿದರೆ ಪ್ರತಿಯೊಬ್ಬರಿಗೂ ಎಷ್ಟು ಸಿಗುತ್ತವೆ?"

"ಆರು" ಎಂದಳು ಪಿಟೀಲು, ಕಣ್ಣು ಮಿಟುಕಿಸದೆ.

ದೊಡ್ಡಮ್ಮ ಪುಸ್ತಕದ ಕೊನೆಯಲ್ಲಿದ್ದ ಉತ್ತರಗಳ ಪುಟ ತಿರುವಿದಳು. ಅಲ್ಲಿ ಎಂಟು ಎಂದಿತ್ತು. "ಮೂರೆಂಟ್ಲೆ ಎಷ್ಟೇ?"

"ಇಪ್ಪತ್ನಾಲ್ಕು."

"ಮತ್ತೆ ಆರು ಎಲ್ಲಿಂದ ಬಂತು, ಆಕಾಶದಿಂದ ಉದುರಿತಾ?"

ಪಿಟೀಲು ಐದು ಮಕ್ಕಳಿಗೆ ಮೂವತ್ತು ಪೆನ್ಸಿಲ್ ಹಂಚು ಎಂದರೆ ತಲಾ ಐದು ಎಂದಳು. ಇಬ್ಬರಿಗೆ ಹನ್ನೆರಡು ಬಿಸ್ಕತ್ತು ಎಂದರೆ ನಾಲ್ಕು ಎಂದಳು. ಇದೇನು ಲೆಕ್ಕವೋ ಕಣ್ಕಟ್ಟೋ ತಿಳಿಯದೆ ದೊಡ್ಡಮ್ಮ ತಲೆ ಚಚ್ಚಿಕೊಂಡಳು. ಮೂರು ಸಂಜೆ ಇದೇ ಹಾಡಾಯಿತು. ಕೊನೆಗೆ ಪುಸ್ತಕವನ್ನು ಅತ್ತ ತಳ್ಳಿ, ಬಟ್ಟೆ ಒಣಹಾಕುವ ಕ್ಲಿಪ್ಪುಗಳ ಬುಟ್ಟಿ ತಂದು ನೆಲದ ಮೇಲೆ ಸುರಿದಳು.

"ತಗೋ, ಇವೇ ಕಿತ್ತಳೆ. ಇಪ್ಪತ್ನಾಲ್ಕು ಎಣಿಸು. ನೀನೇ ಆ ತಾಯಿ. ಈಗ ನಿನ್ನ ಮೂರು ಮಕ್ಕಳಿಗೆ ಹಂಚು ನೋಡೋಣ."

ಪಿಟೀಲು ಎಣಿಸಿದಳು. ಒಂದೊಂದಾಗಿ ಹಂಚಿದಳು. ಅಚ್ಚುಕಟ್ಟಾಗಿ ನಾಲ್ಕು ಗುಂಪಾಯಿತು.

"ಮೂರು ಮಕ್ಕಳು ಅಂದ್ನಲ್ಲೇ! ಈ ನಾಲ್ಕನೇದು ಯಾವ ಮಹಾರಾಯಂದು?"

"ಇನ್ನೂ ಬಂದಿಲ್ವಲ್ಲ ದೊಡ್ಡಮ್ಮ, ಅವರದ್ದು" ಎಂದಳು ಪಿಟೀಲು. ಇದೂ ಒಂದು ಪ್ರಶ್ನೆಯೇ ಎಂಬಂತೆ.

ದೊಡ್ಡಮ್ಮ ಕತ್ತೆತ್ತಿ ಗೂಡಿನ ಕಡೆ ನೋಡಿದಳು. ಅಲ್ಲಿ ಅವತ್ತಿನ ತಟ್ಟೆ ಮುಚ್ಚಳ ಹೊತ್ತು ಕೂತಿತ್ತು. ಅಯ್ಯೋ ಶಿವನೇ, ಮಗುವಿನ ಲೆಕ್ಕ ಕೆಡಿಸಿದವಳು ನಾನೇ! ಟೀಚರು ತಪ್ಪು ಎಂದು ಕೆಂಪು ಗೀಟು ಎಳೆದದ್ದೆಲ್ಲ ನಾನು ಕಲಿಸಿದ ಪಾಠಕ್ಕೇ! ನಗಬೇಕೋ ಅಳಬೇಕೋ ಗೊತ್ತಾಗದೆ ಅವಳು ಪಿಟೀಲಿನ ಕಿವಿ ಹಿಂಡಿ, ಹಿಂಡಿದ ಕಿವಿಯನ್ನೇ ಸವರಿದಳು.

ಆದರೆ ಬೇಡ ಎನ್ನಲು ಬಾಯಿ ಬರಬೇಕಲ್ಲ. ಇಷ್ಟು ವರ್ಷ ಎತ್ತಿಡು ಎಂದವಳು ಈಗ ಎತ್ತಿಡಬೇಡ ಎನ್ನುವುದು ಹೇಗೆ? ಯೋಚಿಸಿ ಒಂದು ಉಪಾಯ ಮಾಡಿದಳು.

"ನೋಡು, ಮನೇಲಿ ನಾವು ಮೊದಲೇ ಎತ್ತಿಡ್ತೀವಿ. ಪುಸ್ತಕದಲ್ಲಿ ಉಲ್ಟಾ. ಮೊದಲು ಕೂತವರಿಗೆ ಹಂಚು. ಸಮನಾಗಿ ಹಂಚಿದ ಮೇಲೂ ಮಿಕ್ಕಿತು ಅನ್ನು, ಅದಕ್ಕೆ ಶೇಷ ಅಂತಾರೆ. ಅದು ಬರದೇ ಇರೋರಿಗೆ."

ಪಿಟೀಲಿನ ಮುಖ ಅರಳಿತು. ಇಪ್ಪತ್ತಾರು ಹಣ್ಣು, ಮೂರು ಮಕ್ಕಳು: ತಲಾ ಎಂಟು, ಶೇಷ ಎರಡು. ಎರಡೇ ಆದರೂ ಪರವಾಗಿಲ್ಲ, ಉಳಿಯಿತಲ್ಲ! ಶೇಷ ಬರುವ ಲೆಕ್ಕಗಳನ್ನೆಲ್ಲ ಅವಳು ಹುಡುಕಿ ಹುಡುಕಿ ಮಾಡಿದಳು. ದೊಡ್ಡಮ್ಮನ ಹೊಟ್ಟೆ ತಣ್ಣಗಾಯಿತು. ಮರುದಿನ ಲಾಂಡ್ರಿಯಲ್ಲಿ ಅವಳು ಯಾರ ಮೇಲೂ ರೇಗಲಿಲ್ಲ. ಯಜಮಾನ ಮೈಯಲ್ಲಿ ಹುಷಾರಿಲ್ಲವೇ ಎಂದು ವಿಚಾರಿಸಿದ.

ಪರೀಕ್ಷೆ ಹತ್ತಿರ ಬಂತು. ಮತ್ತೆ ಮೊದಲಿನ ಕಿತ್ತಳೆಗೇ ಬಂದರು. ಇಪ್ಪತ್ನಾಲ್ಕು, ಮೂರು ಮಕ್ಕಳು. ಪಿಟೀಲು ಎಂಟು ಎಂದು ಬರೆದಳು. ಕೆಳಗೆ ಶೇಷ ಎಂದು ಬರೆದು ಪೆನ್ಸಿಲ್ ಎತ್ತಿಬಿಟ್ಟಳು.

"ಬರಿ. ಶೇಷ ಸೊನ್ನೆ."

"ಬರಿಯಲ್ಲ."

"ಯಾಕೆ?"

"ಅವರಿಗೆ ಏನೂ ಇಲ್ವಲ್ಲ. ಬಂದು ಮುಚ್ಚಳ ತೆಗೆದ್ರೆ ಖಾಲಿ ಇರುತ್ತೆ."

ದೊಡ್ಡಮ್ಮ ರಮಿಸಿದಳು, ಗದರಿದಳು. ಪಿಟೀಲು ಜಪ್ಪಯ್ಯ ಅನ್ನಲಿಲ್ಲ. ಇಡೀ ದಿನ ನಿಂತ ದೊಡ್ಡಮ್ಮನ ಕಾಲು ಸಿಡಿಯುತ್ತಿತ್ತು, ನಾಡಿದ್ದು ಪರೀಕ್ಷೆ, ಪಿತ್ತ ನೆತ್ತಿಗೇರಿತು. "ಆ ಲೆಕ್ಕದಲ್ಲಿ ನಿಮ್ಮಪ್ಪ ಇಲ್ಲ ಕಣೇ! ಇಲ್ಲವೇ ಇಲ್ಲ! ಬರೀ ಸೊನ್ನೆ!" ಎಂದು ಕಿರುಚಿದಳು.

ಪಿಟೀಲು ಅಳಲಿಲ್ಲ. ಸಣ್ಣ ಮಾತಿಗೆಲ್ಲ ಕುಯ್ಯೋ ಎನ್ನುವ ಹುಡುಗಿ ತುಟಿ ಕಚ್ಚಿಕೊಂಡು ಸೊನ್ನೆ ಬರೆದಳು, ಪುಸ್ತಕ ಮುಚ್ಚಿ ಎದ್ದು ಹೋದಳು. ಅವಳು ಅತ್ತಿದ್ದರೇ ಎಷ್ಟೋ ಚೆನ್ನಾಗಿತ್ತು.

ಮರುದಿನ ಲಾಂಡ್ರಿಯಲ್ಲಿ ದೊಡ್ಡಮ್ಮನ ಕೈ ಓಡಲಿಲ್ಲ. ಸಂಜೆ ಹೊತ್ತಿಗೆ ಹೋಟೆಲುಗಳ ಗಾಡಿಗಳು ಬಂದು ಮಡಿಸಿಟ್ಟ ಬಟ್ಟೆಗಳನ್ನು ಒಂದೊಂದಾಗಿ ಹೊತ್ತೊಯ್ದವು. ಯಜಮಾನ ದಿನದ ಹಾಗೆ ಬಂದು ಕಪಾಟಿನೊಳಗೆ ಇಣುಕಿದ. ಮರದ ಹಲಗೆಗಳು ಬೋಳಾಗಿದ್ದವು. "ಏನೂ ಉಳಿದಿಲ್ಲ ತಾನೆ? ಅಬ್ಬ, ಎಲ್ಲಾ ಅವರವರ ಮನೆ ಸೇರಿತು" ಎಂದು ಕೈ ಝಾಡಿಸಿಕೊಂಡು ಹೋದ. ದಿನಾ ಕೇಳುವ ಮಾತೇ. ಆದರೆ ದೊಡ್ಡಮ್ಮ ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿ ಆ ಖಾಲಿ ಕಪಾಟನ್ನೇ ನೋಡುತ್ತ ನಿಂತಳು. ಆಮೇಲೆ ಚಪ್ಪಲಿ ಮೆಟ್ಟಿದವಳು ಮನೆಯವರೆಗೆ ಓಡುನಡಿಗೆಯಲ್ಲೇ ಬಂದಳು.

"ಏ ಪಿಟೀಲು, ಇಲ್ಲಿ ಬಾ. ನಿನ್ನೆ ನಾನು ಬೈದದ್ದು ತಪ್ಪು, ಬಾಯಿಗೆ ಬೀಗ ಇಲ್ಲ ನಂಗೆ. ಈಗ ಕೇಳು. ನಾವು ಯಾಕೆ ಎತ್ತಿಡ್ತೀವಿ?"

"ಅಪ್ಪ ಬಂದಿಲ್ಲ ಅಂತ."

"ಅಪ್ಪ ಬಂದು ನಮ್ಮ ಜತೆ ಕೂತ ದಿನ ಎತ್ತಿಡ್ತೀವಾ?"

ಪಿಟೀಲು ಯೋಚಿಸಿದಳು. "ಇಲ್ಲ."

"ಮತ್ತೆ! ಶೇಷ ಸೊನ್ನೆ ಬಂತು ಅಂದ್ರೆ ಆ ಮನೇಲಿ ಎಲ್ಲರೂ ಬಂದಾಯ್ತು ಅಂತ. ಯಾರೂ ಹೊರಗಿಲ್ಲ, ಯಾರಿಗೂ ಕಾಯೋ ಹಾಗಿಲ್ಲ. ಒಳ್ಳೇ ಸೊನ್ನೆ ಕಣೇ ಅದು."

ಪಿಟೀಲು ಅವಳ ಮುಖವನ್ನೇ ನೋಡಿದಳು, ನಂಬಬಹುದೇ ಎಂದು ಅಳೆಯುವ ಹಾಗೆ. ಆಮೇಲೆ ಪುಸ್ತಕ ತೆಗೆದು ನಿನ್ನೆಯ ಸೊನ್ನೆಯನ್ನು ಅಳಿಸಿ, ಅದೇ ಜಾಗದಲ್ಲಿ ದೊಡ್ಡದಾಗಿ ದುಂಡಗೆ ಇನ್ನೊಂದು ಬರೆದಳು.

ಪರೀಕ್ಷೆಯ ದಿನ ದೊಡ್ಡಮ್ಮ ಜೀವಮಾನದಲ್ಲಿ ಮೊದಲ ಸಲ ಒಂದು ದಿಂಬಿನ ಚೀಲ ಸುಟ್ಟಳು. ಯಜಮಾನ ಬಾಯಿ ತೆರೆಯುವ ಮೊದಲೇ "ಮಗೂಗೆ ಪರೀಕ್ಷೆ, ಸುಮ್ನಿರಿ" ಎಂದಳು.

ವಾರ ಕಳೆದು ಟೀಚರು ಮತ್ತೆ ಕರೆಸಿದರು. ಟೀಚರು ಉತ್ತರ ಪತ್ರಿಕೆ ಚಾಚಿದರು.

"ಪಾಸಾಗಿದ್ದಾಳೆ, ಒಳ್ಳೇ ಅಂಕ ಬಂದಿದೆ. ಆದ್ರೆ ಇದೇನು ಅಂತ ನಂಗೆ ಗೊತ್ತಾಗಲಿಲ್ಲ ನೋಡಿ. ಶೇಷ ಸೊನ್ನೆ ಬಂದ ಕಡೆಯೆಲ್ಲ ಪಕ್ಕದಲ್ಲಿ ‘ಎಲ್ಲರೂ ಬಂದಿದ್ದಾರೆ’ ಅಂತ ಬರೆದಿದ್ದಾಳೆ. ಉತ್ತರ ಸರಿ ಇತ್ತಲ್ಲ, ಬಿಟ್ಟೆ."

ದೊಡ್ಡಮ್ಮ ಸೆರಗಿನಿಂದ ಮೂಗೊರೆಸಿಕೊಂಡು ಬಂದುಬಿಟ್ಟಳು.

ಆ ಭಾನುವಾರ ಮಧ್ಯಾಹ್ನ ಲಾರಿಯ ಹಾರನ್ ಬೀದಿಯ ಕೊನೆಯಲ್ಲೇ ಕೇಳಿಸಿತು. ಅಪ್ಪ ಬಂದ, ಮೈತುಂಬ ಧೂಳು, ಮುಖದ ತುಂಬ ನಗು. ಅಂದು ಬಡಿಸುವವಳು ನಾನೇ ಎಂದು ಪಿಟೀಲು ಹಟ ಹಿಡಿದಳು. ನಾಲ್ಕು ತಟ್ಟೆ ಇಟ್ಟು ಬ್ರೆಡ್ಡು, ಮೊಟ್ಟೆ, ಬೇಯಿಸಿದ ಆಲೂಗಡ್ಡೆ ಎಲ್ಲವನ್ನೂ ಎಣಿಸಿ ಎಣಿಸಿ ಹಾಕಿದಳು. ಅಪ್ಪ, ಅಮ್ಮ ಕೂತರು. ದೊಡ್ಡಮ್ಮ ಒಲೆಯ ಪಕ್ಕ ಗೋಡೆಗೆ ಒರಗಿ ನಿಂತಳು.

"ಅತ್ತಿಗೆ, ಬನ್ನಿ ನೀವೂ" ಎಂದ ಅಪ್ಪ.

"ನಂದಿದ್ದೇ ಇದೆ ಮಾರಾಯ, ನೀವು ಶುರುಮಾಡಿ."

ಪಿಟೀಲು ಗೂಡಿನ ಹತ್ತಿರ ಹೋಗಿ ಮುಚ್ಚಳ ತಂದಳು. ನಾಲ್ಕನೇ ತಟ್ಟೆಯ ಮೇಲೆ ಮುಚ್ಚತೊಡಗಿದಳು.

"ಮುಚ್ಚಳ ಯಾಕೇ? ಅಪ್ಪ ಬಂದಿದ್ದಾರಲ್ಲ!"

"ಇದು ಅಪ್ಪಂದಲ್ಲ, ನಿಂದು. ನೀನಿನ್ನೂ ಬಂದಿಲ್ಲ."

"ಬಂದಿಲ್ವಾ? ಕಣ್ಣೆದುರಿಗೆ ಕಂಬದ ಹಾಗೆ ನಿಂತಿದೀನಲ್ಲೇ!"

"ನಿಂತಿದೀಯ. ಕೂತಿಲ್ಲ. ಕೂತವರಿಗೆ ಹಂಚು ಅಂತ ನೀನೇ ಹೇಳಿದ್ದು."

ತಂಗಿ ಕೈಯಲ್ಲಿದ್ದ ಬ್ರೆಡ್ಡನ್ನು ತಟ್ಟೆಗೆ ಇಳಿಸಿ ಅಕ್ಕನ ಮುಖ ನೋಡಿದಳು. ಇಷ್ಟು ವರ್ಷ ಎದುರಿಗೇ ಇದ್ದದ್ದು ಈಗ ಕಂಡವಳ ಹಾಗೆ "ಅಕ್ಕಾ, ಬಾರೇ" ಎಂದಳು. ದೊಡ್ಡಮ್ಮ ಏನೋ ಚಟಾಕಿ ಹಾರಿಸಬೇಕೆಂದು ಬಾಯಿ ತೆರೆದಳು. ಕುದುರೆಯ ಮಾತು ನಾಲಿಗೆಯವರೆಗೂ ಬಂದು ಅಲ್ಲೇ ನಿಂತಿತು. ಗೋಡೆ ಬಿಟ್ಟು ಬಂದು, ಮೊಣಕಾಲು ಲಟಕ್ಕೆನ್ನಿಸುತ್ತ, "ಅಯ್ಯಯ್ಯೋ" ಎಂದು ನರಳುತ್ತ, ನಾಲ್ಕನೇ ತಟ್ಟೆಯ ಮುಂದೆ ಕೂತಳು.

ಪಿಟೀಲು ಪಾತ್ರೆಗಳನ್ನೆಲ್ಲ ಒಮ್ಮೆ ಬಗ್ಗಿ ನೋಡಿದಳು. ಒಂದರಲ್ಲೂ ಏನೂ ಉಳಿದಿರಲಿಲ್ಲ. ಮುಚ್ಚಳವನ್ನು ತೊಳೆದು ಗೂಡಿನಲ್ಲಿ ಬೋರಲು ಹಾಕಿ, ತಾನೂ ಬಂದು ದೊಡ್ಡಮ್ಮನ ಪಕ್ಕದಲ್ಲಿ ಕೂತಳು.